ಸೈಕಲ್ ಕಲಿಸಿದ ಮೇಷ್ಟರು, ಎರಕ ಹೊಯ್ದ ಮನೆತನ

(ದಾವಣಗೆರೆಯ ಪಾಲಿಟೆಕ್ನಿಕ್ ಒಂದರ ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಮಕ್ಕಳೇ, ಈ ಸಭಾಂಗಣಕ್ಕೆ ಬರುವ ಮೊದಲು ನಿಮ್ಮ ವರ್ಕ್‌ಶಾಪಿಗೆ ಹೋಗಿ ಬಂದೆ. ಬಾಗಿಲಿನಿಂದ ಮೂರನೆಯ ಲೇತ್, ಅಂದರೆ ಲೋಹ ಕಡೆಯುವ ಯಂತ್ರದ, ಮುಂದೆ ಸ್ವಲ್ಪ ಹೊತ್ತು ನಿಂತೆ. ವರ್ಷ ವರ್ಷವೂ ಹಸಿರು ಬಣ್ಣ ಬಳಿದು ಬಳಿದು ಅದರ ಮೈ ದಪ್ಪಗಾಗಿದೆ. ಆದರೂ ಹೆಡ್‌ಸ್ಟಾಕಿನ ಮೇಲಿನ ಹೆಸರು ಬೆರಳಿಗೆ ಸಿಗುತ್ತದೆ: ಕಿರ್ಲೋಸ್ಕರ್. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗರನ್ನು ಇದು ಯಾವ ಊರಿನಲ್ಲಿ ತಯಾರಾದದ್ದು ಎಂದು ಕೇಳಿದೆ. ಒಬ್ಬ ಪುಣೆ ಎಂದ, ಇನ್ನೊಬ್ಬ ಜರ್ಮನಿ ಎಂದ. ಇಲ್ಲಿಂದ ಬಸ್ ಹತ್ತಿದರೆ ಅರ್ಧ ಗಂಟೆಯ ದಾರಿ. ಹರಿಹರದಲ್ಲಿ, ತುಂಗಭದ್ರೆಯ ದಡದ ಊರಿನಲ್ಲಿ ಅದು ಹುಟ್ಟಿತು. ಕಾರ್ಖಾನೆ ಇದ್ದ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರು. ಅಂಚೆ ವಿಳಾಸದಲ್ಲೂ ಅದೇ ಹೆಸರು ಬರೆಯುತ್ತಿದ್ದರು.

ಆ ಹುಡುಗರ ಮೇಲೆ ನನಗೆ ಬೇಸರವಿಲ್ಲ. ಹೇಳಬೇಕಾದವರು ನಾವು, ಹೇಳಲಿಲ್ಲ. ಅದಕ್ಕೇ ಇಂದು ಈ ಮನೆತನದ ಕಥೆಯನ್ನು ಆಯ್ದುಕೊಂಡೆ. ನಿಮ್ಮ ಪ್ರಾಂಶುಪಾಲರು 'ಉದ್ಯಮಶೀಲತೆ'ಯ ಬಗ್ಗೆ ಮಾತನಾಡಿ ಎಂದು ಕೇಳಿದ್ದರು. ನಾನು ಒಬ್ಬ ಮೇಷ್ಟರ ಬಗ್ಗೆ ಮಾತನಾಡುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಉದ್ಯಮಿ ಆದದ್ದು ಆಮೇಲೆ. ಮೊದಲು ಅವರು ಮೇಷ್ಟರು, ನನ್ನ ತಿಳಿವಳಿಕೆಯಲ್ಲಿ ಕೊನೆಯವರೆಗೂ ಮೇಷ್ಟರೇ.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನಲ್ಲಿ ಹುಟ್ಟಿದವರು. ಒಂದು ಸಣ್ಣ ಹಳ್ಳಿ ರಂಗಭೂಮಿಗೊಬ್ಬನನ್ನು, ಕಾರ್ಖಾನೆಗೊಬ್ಬನನ್ನು ಕೊಟ್ಟಿತು ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನಿಗೆ ಪುಸ್ತಕ ಹಿಡಿಸಲಿಲ್ಲ, ಚಿತ್ರ ಬರೆಯುವ ಹುಚ್ಚು. ಮುಂಬೈಯ ಜೆ.ಜೆ. ಕಲಾ ಶಾಲೆಗೆ ಸೇರಿದರು. ಅಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಸಂಗತಿ ಬಯಲಾಯಿತು: ಕೆಲವು ಬಣ್ಣಗಳ ನಡುವಿನ ಅಂತರ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣಗುರುಡು. ಚಿತ್ರಕಾರನಾಗಬೇಕೆಂದು ಊರು ಬಿಟ್ಟ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಅವರು ಬಣ್ಣ ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅದಕ್ಕೆ ಬಣ್ಣ ಬೇಡ, ಅಳತೆ ಸಾಕು. ಆ ವಿದ್ಯೆಯ ಬಲದ ಮೇಲೆ ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಡ್ರಾಯಿಂಗ್ ಮೇಷ್ಟರಾದರು. ತರಗತಿ ಮುಗಿದ ಮೇಲೆ ಸಂಸ್ಥೆಯ ಯಂತ್ರಶಾಲೆಯಲ್ಲಿ ಕೈ ಕಪ್ಪು ಮಾಡಿಕೊಂಡು ಯಂತ್ರ ನಡೆಸುವುದನ್ನು ಕಲಿತರು. ಯಾರೂ ಅವರಿಗೆ ಪ್ರಮಾಣಪತ್ರ ಕೊಡಲಿಲ್ಲ. ನಿಮ್ಮಲ್ಲಿ ಪ್ರಾಯೋಗಿಕ ತರಗತಿಗೆ ಚಕ್ಕರ್ ಹೊಡೆಯುವವರು ಇದ್ದರೆ ಈ ಮಾತನ್ನು ನೆನಪಿಡಿ.

ಇದೇ ಕಾಲದಲ್ಲಿ, 1888ರಲ್ಲಿ, ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಂದಿಗೆ ಸೈಕಲ್ ಅಂಗಡಿ ಆರಂಭವಾಯಿತು. ಅಣ್ಣನನ್ನು ಎಲ್ಲರೂ ರಾಮುಅಣ್ಣ ಎಂದೇ ಕರೆಯುತ್ತಿದ್ದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿ. ಅಂದಿನ 700 ರೂಪಾಯಿ ಎಂದರೆ ಸಾಮಾನ್ಯರು ಕಣ್ಣಲ್ಲೂ ಕಾಣದ ಹಣ. ಕೊಂಡವನಿಗೆ ಸೈಕಲ್ ಹೊಡೆಯಲು ಬರಬೇಕಲ್ಲ? ಅದನ್ನೂ ಅಂಗಡಿಯಲ್ಲೇ ಕಲಿಸುತ್ತಿದ್ದರು, ಶುಲ್ಕ 15 ರೂಪಾಯಿ. ಆ ಅಂಗಡಿ ಇದ್ದ ಬೀದಿ ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ.

ಆ 15 ರೂಪಾಯಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಣ್ಣ ಮುಂದೆ ತಂದುಕೊಳ್ಳಿ. ಕಚ್ಚೆ ಪಂಚೆ, ಪೇಟ ತೊಟ್ಟ ಒಬ್ಬ ವಕೀಲರೋ ಇನಾಂದಾರರೋ ಎರಡು ಚಕ್ರದ ಮೇಲೆ ಹತ್ತಿ ಕುಳಿತಿದ್ದಾರೆ. ಪಂಚೆ ಚೈನಿಗೆ ಸಿಕ್ಕದಂತೆ ಕಟ್ಟಿಸಿ, ಹಿಂದಿನಿಂದ ಸೀಟು ಹಿಡಿದುಕೊಂಡು ಒಬ್ಬ ಓಡುತ್ತಿದ್ದಾನೆ. ಯಾವಾಗ ಕೈ ಬಿಡಬೇಕು ಎಂಬುದು ಹಿಡಿದವನಿಗೆ ಗೊತ್ತಿರಬೇಕು. ಬೇಗ ಬಿಟ್ಟರೆ ಗಿರಾಕಿ ಬೀಳುತ್ತಾರೆ, ಬಿಡದಿದ್ದರೆ ಕಲಿಯುವುದೇ ಇಲ್ಲ. ವಸ್ತುವನ್ನು ಮಾರಿದರೆ ಅರ್ಧ ಕೆಲಸ, ಅದನ್ನು ಬಳಸಲು ಕಲಿಸಿದರೆ ಇನ್ನರ್ಧ ಎಂಬುದನ್ನು ಈ ಮನೆತನ ಅಲ್ಲಿಯೇ ಕಂಡುಕೊಂಡಿತು ಎಂದು ನನ್ನ ನಂಬಿಕೆ. ಮುಂದೆ ನೇಗಿಲಿನ ವಿಷಯದಲ್ಲಿ ಆದದ್ದೂ ಇದೇ, ಆದರೆ ಅಲ್ಲಿ ಓಡಬೇಕಾದ ದೂರ ಬಹಳ.

ಮುಂಬೈಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಸಿಗಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋಯಿತು. ಅವರು ರಾಜೀನಾಮೆ ಬರೆದು ಬೆಳಗಾವಿಗೆ ಬಂದುಬಿಟ್ಟರು.

ಬೆಳಗಾವಿಯಲ್ಲಿ ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ, ಕತ್ತರಿಸಿ ಹಾಕಿದರೆ ಪೂರ್ತಿ ತಿನ್ನುತ್ತದೆ. ಅದಾದ ಮೇಲೆ, 1903ರ ಸುಮಾರಿಗೆ, ಕಬ್ಬಿಣದ ನೇಗಿಲು ಬಂತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರು.

ಈ ಕಥೆಯನ್ನು ಹೇಳುವಾಗ ಅನೇಕರು ಇಲ್ಲಿ ರೈತರನ್ನು ನೋಡಿ ನಗುತ್ತಾರೆ. ನನಗೆ ಹಾಗೆ ನಗಲು ಮನಸ್ಸಾಗುವುದಿಲ್ಲ. ಅಂದಿನ ರಂಟೆಯನ್ನು ಊರಿನ ಬಡಿಗೇರ ಜಾಲಿ ಮರದಿಂದ ಮಾಡಿಕೊಡುತ್ತಿದ್ದ. ಕುಳವೊಂದನ್ನು ಕಮ್ಮಾರ ಬಡಿದುಕೊಡುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಆಯದ ಕಾಳು ಅಳೆದರೆ ಲೆಕ್ಕ ಮುಗಿಯಿತು. ನಡು ಬಿತ್ತನೆಯಲ್ಲಿ ಮುರಿದರೆ ಸಂಜೆಯೊಳಗೆ ರಿಪೇರಿ. ಕಬ್ಬಿಣದ ನೇಗಿಲಿಗೆ ರೊಕ್ಕ ಎಣಿಸಬೇಕು, ಅದು ಮುರಿದರೆ ಬೆಳಗಾವಿಗೆ ಹೋಗಬೇಕು, ಭಾರ ಹೆಚ್ಚಾದದ್ದರಿಂದ ಎತ್ತುಗಳೂ ಗಟ್ಟಿ ಇರಬೇಕು. ಒಂದು ಮಳೆ ತಪ್ಪಿದರೆ ವರ್ಷವೇ ಹೋಗುವ ಒಕ್ಕಲಿಗ ಗುರುತಿಲ್ಲದ ವಸ್ತುವಿಗೆ ಎರಡು ವರ್ಷ ಕಾಯಿಸಿದ್ದು ನನಗಂತೂ ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ವಿಷದ ಮಾತು ಬಾಯಲ್ಲಿತ್ತು, ಅದರ ಹಿಂದೆ ಇಷ್ಟೆಲ್ಲ ಲೆಕ್ಕವಿತ್ತು.

ಆದರೆ ನೇಗಿಲಿನಲ್ಲೂ ಸತ್ವವಿತ್ತು. ಮರದ ರಂಟೆ ನೆಲವನ್ನು ಗೀರುತ್ತದೆ. ಬಾಗಿದ ಹಲಗೆಯ ಕಬ್ಬಿಣದ ನೇಗಿಲು ಮಣ್ಣನ್ನು ಹೋಳು ಹೋಳಾಗಿ ಕತ್ತರಿಸಿ ಮಗುಚಿ ಹಾಕುತ್ತದೆ. ಎರೆ ಭೂಮಿಯಲ್ಲಿ ಕರಿಕೆಯ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಹೊಲದ ಮನೆಯಿಂದ ಬಂದವರಿಗೆ ಗೊತ್ತು. ಆ ಬೇರು ಮೇಲಕ್ಕೆ ಬಂದು ಬಿಸಿಲಿಗೆ ಒಣಗುವುದನ್ನು ಕಣ್ಣಾರೆ ಕಂಡ ರೈತನಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಕಾಣುವವರೆಗೆ ಕಾಯಬೇಕಾಗಿತ್ತು, ಅಷ್ಟೇ. ಎರಡು ವರ್ಷ ಮಾರಾಟವಿಲ್ಲದ ಮಾಲನ್ನು ಎದುರಿಗಿಟ್ಟುಕೊಂಡು ಕಾದರಲ್ಲ, ಆ ತಾಳ್ಮೆ ದೊಡ್ಡದು. ಪಾಠ ತಲೆಗೆ ಹತ್ತದ ಹುಡುಗನ ಎದುರು ಮತ್ತೆ ಮತ್ತೆ ಕೂರುವ ಮೇಷ್ಟರ ತಾಳ್ಮೆ ಅದು.

ಅಷ್ಟರಲ್ಲಿ ಬೆಳಗಾವಿಯ ನಗರಸಭೆಗೆ ಹೊಸ ಬಡಾವಣೆ ಮಾಡಲು ಕಾರ್ಖಾನೆಯ ಜಾಗ ಬೇಕಾಯಿತು. ತೆರವು ಮಾಡಿ ಎಂಬ ಆದೇಶ ಬಂತು. ಕಟ್ಟಿದ್ದನ್ನೆಲ್ಲ ಬಿಚ್ಚಿ ಹೊರಡಬೇಕು, ಎಲ್ಲಿಗೆ ಎಂಬುದು ಗೊತ್ತಿಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರಿಗಾಗಿ ಲಕ್ಷ್ಮಣರಾಯರು ಔಂಧ್‌ನಲ್ಲಿ ಒಂದು ಸಭಾಮಂಟಪ ಕಟ್ಟಿಕೊಡುವ ಗುತ್ತಿಗೆ ಹಿಡಿದಿದ್ದರು, ಆ ಪರಿಚಯ ಈಗ ಫಲ ಕೊಟ್ಟಿತು. ರಾಜರು 10,000 ರೂಪಾಯಿ ಸಾಲ ಕೊಟ್ಟರು, ಕುಂಡಲ್ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನು ಕೊಟ್ಟರು. ಜಮೀನು ಎಂದರೆ ಪಾಪಾಸುಕಳ್ಳಿ, ಹಾವು, ಕಲ್ಲು. ನೀರೂ ಇಲ್ಲ. 1910ರ ಮಾರ್ಚ್‌ನಲ್ಲಿ ಅಲ್ಲಿ ಕಳ್ಳಿ ಕಡಿದು ಡೇರೆ ಹಾಕಿದರು. ಆ ಜಾಗವೇ ಕಿರ್ಲೋಸ್ಕರವಾಡಿ, ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿದೆ. ರೈಲು ನಿಲ್ದಾಣದ ಹೆಸರೂ ಮುಂದೆ ಅದೇ ಆಯಿತು.

ನಾನು ಬೆಳಗಾವಿಗೆ ಹೋದಾಗಲೆಲ್ಲ ಈ ಆದೇಶ ನೆನಪಾಗುತ್ತದೆ. ಉದ್ಯಮಬಾಗದಲ್ಲಿ ಇಂದು ಸಾಲು ಸಾಲು ಫೌಂಡ್ರಿಗಳಿವೆ, ಎರಕಕ್ಕೆ ಬೆಳಗಾವಿ ದೇಶದಲ್ಲೇ ಹೆಸರಾಗಿದೆ. ಆ ಊರಿನಲ್ಲಿ ಎರಕದ ಒಲೆ ಹೊತ್ತಿಸಿದ ಮೊದಲಿಗರಲ್ಲಿ ಒಬ್ಬರನ್ನು ಊರೇ ಕೈಯಾರೆ ಕಳಿಸಿಕೊಟ್ಟಿತು. ಒಂದು ಸಹಿಯಿಂದ ಒಂದು ಪ್ರಾಂತದ ನೂರು ವರ್ಷದ ಕಥೆ ಬದಲಾಗಬಲ್ಲದು. ಕಚೇರಿಯ ಕುರ್ಚಿಯಲ್ಲಿ ಕೂರಲಿರುವವರು ನಿಮ್ಮಲ್ಲೂ ಇದ್ದೀರಿ.

ಕಿರ್ಲೋಸ್ಕರವಾಡಿಯ ಆರಂಭದ ಜನರನ್ನು ನೋಡಿ. ರಾಮುಅಣ್ಣ ಊರು ಕಟ್ಟುವ ಕೆಲಸ ಹೊತ್ತರು: ಮನೆ, ಬಾವಿ, ದಾರಿ. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ. ಯಂತ್ರಕ್ಕೆ ಶಂಭುಅಣ್ಣ ಜಾಂಭೇಕರ್. ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್ ಎಂಬ ಹುಡುಗ ಅಲ್ಲಿ ಪಳಗಿ ನುರಿತ ಎಂಜಿನಿಯರ್ ಆದರು. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ಒಂದು ಕಾಲಕ್ಕೆ ದರೋಡೆಗೆ ಹೆಸರಾದವರನ್ನು. ಬೀಗದ ಕೈ ಅವರ ಸೊಂಟದಲ್ಲಿ. ವಾಡಿಯ ಒಳಗೆ ಅಸ್ಪೃಶ್ಯತೆಯನ್ನು ಆಚರಿಸುವಂತಿರಲಿಲ್ಲ. 1910ರ ಕಾಲದಲ್ಲಿ, ಬ್ರಾಹ್ಮಣ ಮನೆತನವೊಂದು ತಾನು ಕಟ್ಟಿದ ಊರಿನಲ್ಲಿ ಈ ನಿಯಮ ತಂದದ್ದು ಸಣ್ಣ ಮಾತಲ್ಲ. ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೆ ಎಂದು ನೋಡುವ ಕಣ್ಣು ಅವರಿಗಿತ್ತು. ಬಣ್ಣ ಕಾಣದ ಆ ಕಣ್ಣಿಗೆ ಮನುಷ್ಯರು ಚೆನ್ನಾಗಿ ಕಾಣುತ್ತಿದ್ದರು.

ಮೊದಲ ಮಹಾಯುದ್ಧ ಬಂತು. ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲಕ್ಕೂ ಬರ. ಕುಲುಮೆ ಆರಿದರೆ ನೇಗಿಲೂ ಇಲ್ಲ, ಸಂಬಳವೂ ಇಲ್ಲ. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಕೊಟ್ಟುಬಿಟ್ಟರು. ಯುರೋಪಿನಲ್ಲಿ ಕಬ್ಬಿಣವೆಲ್ಲ ಫಿರಂಗಿಯಾಗುತ್ತಿದ್ದ ವರ್ಷಗಳಲ್ಲಿ ಕೃಷ್ಣಾ ಸೀಮೆಯ ಒಂದು ಹಳ್ಳಿಯಲ್ಲಿ ಫಿರಂಗಿ ಕರಗಿ ನೇಗಿಲಾಯಿತು. ಎರಕ ಹೊಯ್ಯುವುದನ್ನು ನೀವು ನೋಡಿದ್ದೀರಿ. ಕರಗಿದ ಕಬ್ಬಿಣಕ್ಕೆ ತಾನು ಮೊದಲು ಏನಾಗಿದ್ದೆ ಎಂಬ ನೆನಪಿರುವುದಿಲ್ಲ, ಮರಳಿನ ಅಚ್ಚು ಯಾವ ಆಕಾರ ಹೇಳುತ್ತದೋ ಅದೇ. ಈ ಘಟನೆಯನ್ನು ಎಷ್ಟು ಸಲ ಹೇಳಿದರೂ ನನ್ನ ಮೈ ಜುಮ್ಮೆನ್ನುತ್ತದೆ.

ಮುಂದಿನದನ್ನು ಬೇಗ ಹೇಳುತ್ತೇನೆ. 1920ರ ಜನವರಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ ಬಂದವು. 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ಬಂತು, ಕಂಪನಿಯ ಹೆಸರು ಇಂದಿಗೂ ನಿಂತಿರುವುದು ಪಂಪುಗಳ ಮೇಲೆ. ಅದೇ 1926ರಲ್ಲಿ ಹಿರಿಯ ಮಗ ಶಂತನುರಾವ್ ಅಮೆರಿಕದ ಎಂಐಟಿಯಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಮರಳಿದರು. ಅಪ್ಪ ಕೈಯಿಂದ ಕಲಿತವರು, ಮಗ ಕಾಲೇಜಿನಿಂದ ಕಲಿತವರು. ಕಾಲೇಜು ಕಲಿತವರೂ ಬಂದು ಸೇರಿದ್ದು ಅದೇ ವಾಡಿಯ ಶೆಡ್ಡಿಗೆ.

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನ ಜಾತಿಯ ಕಾರಣಕ್ಕೆ ದಕ್ಷಿಣ ಮಹಾರಾಷ್ಟ್ರದ ಊರೂರಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಕಿರ್ಲೋಸ್ಕರವಾಡಿಯ ಕಾರ್ಖಾನೆಯನ್ನೂ ಸುಟ್ಟರು. ಲಕ್ಷ್ಮಣರಾಯರಿಗೆ ಆಗ 78 ವರ್ಷ. ಜಾತಿಯ ಗೋಡೆ ಬೇಡವೆಂದು ಕಟ್ಟಿದ ಊರನ್ನೇ ಜಾತಿಯ ಸಿಟ್ಟು ಸುಟ್ಟಿತು ಎಂಬುದನ್ನು ಆ ಮುದುಕ ಹೇಗೆ ಸಹಿಸಿರಬಹುದು ಎಂದು ನನಗೆ ಊಹಿಸಲೂ ಆಗುವುದಿಲ್ಲ. ಬೂದಿ ತೆಗೆದು ಮತ್ತೆ ಕಟ್ಟಿದರು. ಇಂದಿಗೂ ಅಲ್ಲಿ ಪಂಪು ತಯಾರಾಗುತ್ತದೆ.

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಹೊರದೇಶದ ಯಂತ್ರಗಳು ಬರುವುದು ನಿಂತುಹೋಯಿತು. ನೇಗಿಲು ಮಾಡಲು ಲೇತ್ ಬೇಕು, ಪಂಪು ಮಾಡಲು ಲೇತ್ ಬೇಕು, ಲೇತ್ ಮಾಡಲೂ ಲೇತ್ ಬೇಕು. ಅದನ್ನು 'ಯಂತ್ರಗಳ ತಾಯಿ' ಎಂದು ನಿಮಗೆ ಮೊದಲ ತರಗತಿಯಲ್ಲೇ ಹೇಳಿಕೊಟ್ಟಿರುತ್ತಾರೆ. ಆ ತಾಯಿಯನ್ನೇ ಇಲ್ಲಿ ತಯಾರಿಸಬೇಕೆಂದು 1941ರಲ್ಲಿ, ಮೈಸೂರು ಸಂಸ್ಥಾನದ ಪ್ರೋತ್ಸಾಹದಿಂದ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಇಂಥ ಯಂತ್ರಗಳನ್ನೇ ಮಾಡಲೆಂದು ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಅದಕ್ಕಿಂತ 12 ವರ್ಷ ಮೊದಲು, ರೈಲು ಮತ್ತು ಹೊಳೆ ಇದ್ದ ಈ ಸಣ್ಣ ಊರು ಯಂತ್ರಕ್ಕೆ ಯಂತ್ರ ಹೆರುವ ಕೆಲಸಕ್ಕೆ ಕೈ ಹಾಕಿತು. 1946ರಲ್ಲಿ ಬೆಂಗಳೂರಿನಲ್ಲಿ ಮೋಟಾರುಗಳಿಗಾಗಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಡೀಸೆಲ್ ಎಂಜಿನ್‌ಗಾಗಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಐದು ಕುದುರೆ ಬಲದ ಎವಿ1 ಎಂಜಿನ್ನಿನ ಸದ್ದು ಹೊಳೆದಂಡೆಯ ತೋಟದವರ ಕಿವಿಯಲ್ಲಿ ಇನ್ನೂ ಇರಬೇಕು. ಕರೆಂಟಿಲ್ಲದ ಕಡೆ ನೀರೆತ್ತಿದ್ದು ಅದೇ.

ನನ್ನ ಸೋದರಮಾವ ಹರಿಹರದಲ್ಲಿ ಫಿಟ್ಟರ್ ಆಗಿದ್ದರು. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಮಾವನ ಬೆರಳ ಸಂದಿನಲ್ಲಿ ಯಾವಾಗಲೂ ನೀಲಿ ಬಣ್ಣ. ಎಷ್ಟು ಸೀಗೇಪುಡಿ ಹಾಕಿ ತಿಕ್ಕಿದರೂ ಹೋಗದು. ಅತ್ತೆ ಊಟಕ್ಕೆ ಕರೆಯುವಾಗ ಕೈ ತೊಳೆದಿರಾ ಎಂದು ಕೇಳುವುದನ್ನೇ ಬಿಟ್ಟಿದ್ದರು. ಆ ನೀಲಿ ಏನೆಂದು ಕೇಳಿದ್ದಕ್ಕೆ ಒಂದು ದಿನ ಮಾವ ನನಗೆ ತೋರಿಸಿಕೊಟ್ಟರು.

ಲೇತ್‌ನ ಬೆಡ್, ಅಂದರೆ ಅದರ ಉದ್ದನೆಯ ಪೀಠ, ಸಮತಟ್ಟಾಗಿರಬೇಕು. ಯಂತ್ರದಲ್ಲಿ ಎಷ್ಟೇ ನುಣ್ಣಗೆ ಮಾಡಿದರೂ ಕಣ್ಣಿಗೆ ಕಾಣದ ಏರುತಗ್ಗು ಉಳಿಯುತ್ತದೆ. ಪೂರ್ತಿ ಸಮವಾದ ಸರ್ಫೇಸ್ ಪ್ಲೇಟಿಗೆ ನೀಲಿಯನ್ನು ತೆಳುವಾಗಿ, ಉಸಿರು ತಾಗಿದಷ್ಟು ತೆಳುವಾಗಿ, ಸವರಬೇಕು. ಅದನ್ನು ಬೆಡ್ಡಿನ ಮೇಲಿಟ್ಟು ಮೆಲ್ಲಗೆ ಒಮ್ಮೆ ಜಾರಿಸಬೇಕು. ಎತ್ತಿ ನೋಡಿದರೆ ಉಬ್ಬಿದ ಕಡೆ ಮಾತ್ರ ನೀಲಿ ಚುಕ್ಕೆ. ಉದ್ದ ಹಿಡಿಯ ಸ್ಕ್ರೇಪರನ್ನು ಸೊಂಟಕ್ಕೆ ಒತ್ತಿ ಹಿಡಿದು ಆ ಚುಕ್ಕೆಯನ್ನಷ್ಟೇ ಹೆರೆದು ತೆಗೆಯಬೇಕು. ಮತ್ತೆ ನೀಲಿ, ಮತ್ತೆ ಜಾರಿಸುವುದು, ಮತ್ತೆ ಹೆರೆಯುವುದು. ಮೊದಲು ಅಲ್ಲೊಂದು ಇಲ್ಲೊಂದು ಇದ್ದ ಚುಕ್ಕೆಗಳು ಕೊನೆಗೆ ಹುಣ್ಣಿಮೆಯ ಮರುದಿನದ ಆಕಾಶದ ಹಾಗಲ್ಲ, ಅಮಾವಾಸ್ಯೆಯ ಆಕಾಶದ ಹಾಗೆ ಒತ್ತೊತ್ತಾಗಿ ಹರಡಿಕೊಳ್ಳಬೇಕು. ಅಲ್ಲಿಯವರೆಗೆ ಬಿಡುವ ಹಾಗಿಲ್ಲ. ಚುಕ್ಕೆಗಳ ನಡುವಿನ ಸಣ್ಣ ಕುಳಿಗಳಲ್ಲಿ ಎಣ್ಣೆ ನಿಲ್ಲುತ್ತದೆ, ಅದರ ಮೇಲೆ ಕತ್ತರಿಸುವ ಉಳಿ ಹೊತ್ತ ಕ್ಯಾರೇಜ್ ಬೆಣ್ಣೆಯ ಹಾಗೆ ಸರಿಯುತ್ತದೆ. ಒಂದೊಂದು ಬೆಡ್ಡಿಗೆ ದಿನಗಟ್ಟಲೆ ಕೆಲಸ. ಈ ಹದವನ್ನು ಪುಸ್ತಕದಲ್ಲಿ ಓದಿ ಕಲಿಯಲು ಬರುವುದಿಲ್ಲ. ಮಾವನಿಗೆ ಇನ್ನೊಬ್ಬ ಫಿಟ್ಟರ್ ಕೈ ಹಿಡಿದು ಕಲಿಸಿದ್ದರು, ಅವರಿಗೆ ಮತ್ತೊಬ್ಬರು.

ಹೀಗೆ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು ಐಟಿಐಗಳಿಗೆ, ಪಾಲಿಟೆಕ್ನಿಕ್‌ಗಳಿಗೆ, ಶಿವಮೊಗ್ಗ, ಹುಬ್ಬಳ್ಳಿ, ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಿಗೆ ಹೋದವು. ಚಕ್ ಕಚ್ಚಿಸಿ ಮೊದಲ ಫೇಸಿಂಗ್ ತೆಗೆದದ್ದು, ಸುರುಳಿ ಸುರುಳಿಯಾಗಿ ಬಂದ ಚಿಪ್ಸ್ ಮುಟ್ಟಿ ಬೆರಳು ಸುಟ್ಟುಕೊಂಡದ್ದು ಹರಿಹರದ ಲೇತ್ ಮೇಲೆ ಎನ್ನುವವರು ಈ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ನಾನೂ ಒಬ್ಬ.

1991ರ ನಂತರ ಆಮದಿನ ಬಾಗಿಲು ತೆರೆಯಿತು. ಗಿರಾಕಿಗಳು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಕೇಳತೊಡಗಿದರು. ಕೈಯಿಂದ ನಡೆಸುವ ಲೇತ್‌ಗೆ ಬೇಡಿಕೆ ಕುಸಿಯಿತು, ಹರಿಹರ ಆ ಓಟದಲ್ಲಿ ಹಿಂದೆ ಬಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಅದು. ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನ ಹಳೆಯ ಜಾಗದಲ್ಲಿ ಇಂದು ಓರಿಯನ್ ಮಾಲ್ ಇದೆ, ನಿಮ್ಮಲ್ಲಿ ಕೆಲವರು ಹೋಗಿರಬಹುದು. ಮನೆತನದ ನಾಲ್ಕನೆಯ ತಲೆಮಾರಿನಲ್ಲಿ ಅಣ್ಣ ತಮ್ಮಂದಿರ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 'ಬ್ರದರ್ಸ್' ಎಂಬ ಹೆಸರಿನ ಕಂಪನಿಗೆ ಹೀಗಾದದ್ದು ನನಗೆ ನೋವಿನ ವಿಷಯ, ಅದನ್ನು ಹೆಚ್ಚು ಬೆಳೆಸುವುದಿಲ್ಲ. ಅದೇ ತಲೆಮಾರಿನ ವಿಕ್ರಂ ಕಿರ್ಲೋಸ್ಕರ್ 1997ರಲ್ಲಿ ಟೊಯೋಟಾ ಕಂಪನಿಯನ್ನು ಬಿಡದಿಗೆ ಕರೆತರುವಲ್ಲಿ ಪಾಲುದಾರರಾದರು. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್‌ನ ಕುಲುಮೆ ಉರಿಯುತ್ತಿದೆ. ಅಲ್ಲಿ ತಯಾರಾಗುವುದು ಬೀಡು ಕಬ್ಬಿಣ, ಲಕ್ಷ್ಮಣರಾಯರು ಒಮ್ಮೆ ಫಿರಂಗಿ ಕರಗಿಸಿ ಪಡೆಯಬೇಕಾಗಿದ್ದ ಅದೇ ವಸ್ತು.

ಹರಿಹರ ಮುಚ್ಚಿದ್ದಕ್ಕೆ ಯಂತ್ರಗಳ ಲೆಕ್ಕ ಸಿಗುತ್ತದೆ, ಜಮೀನಿನ ಲೆಕ್ಕ ಸಿಗುತ್ತದೆ. ಆ ಫಿಟ್ಟರುಗಳ ಕೈಯಲ್ಲಿದ್ದ ಹದ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ನನಗೆ ಅದೇ ಚಿಂತೆ. ಮಾವ ಕಾರ್ಖಾನೆ ಮುಚ್ಚುವ ಮೊದಲೇ ನಿವೃತ್ತರಾಗಿದ್ದರು. ತೀರಿಕೊಳ್ಳುವ ಮುನ್ನ ತಮ್ಮ ಸ್ಕ್ರೇಪರನ್ನು ನನಗೆ ಕೊಟ್ಟರು. ಹಿಡಿಯ ಮರ ಅವರ ಸೊಂಟಕ್ಕೆ ಒತ್ತಿ ಒತ್ತಿ ಒಂದು ಕಡೆ ಸವೆದಿದೆ. ಇಗೋ, ಇಲ್ಲಿದೆ. ಒಬ್ಬೊಬ್ಬರೇ ಕೈಯಲ್ಲಿ ಹಿಡಿದು ಮುಂದಿನವರಿಗೆ ಕೊಡಿ, ತುದಿ ಹರಿತವಾಗಿದೆ, ಜೋಪಾನ.

ನಿಮ್ಮ ಮೂರನೆಯ ಲೇತ್‌ನ ಬೆಡ್ ಚಕ್ಕಿನ ಹತ್ತಿರ ಸವೆದಿದೆ, ಬೆಳಿಗ್ಗೆ ಬೆರಳಾಡಿಸಿ ನೋಡಿದೆ. ನಿಮ್ಮ ಪ್ರಾಂಶುಪಾಲರ ಒಪ್ಪಿಗೆ ಪಡೆದಿದ್ದೇನೆ. ಊಟ ಮುಗಿಸಿ ಎರಡು ಗಂಟೆಗೆ ವರ್ಕ್‌ಶಾಪಿಗೆ ಬನ್ನಿ. ನೀಲಿ ನಾನು ತಂದಿದ್ದೇನೆ.